‘ಸಿಗ್ನಲ್ ಹೋಯ್ತು’ ಅನ್ನುವ ಮೊದಲು

(ಬೆಂಗಳೂರಿನ ಒಂದು ಕಾಲೇಜಿನಲ್ಲಿ, ಆರ್‌ಸಿ, ಅಂದರೆ ರೇಡಿಯೋದಿಂದ ನಡೆಸುವ, ವಿಮಾನ ಕಟ್ಟಿ ಹಾರಿಸುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಗಾಳಿ ಇಷ್ಟು ಚೆನ್ನಾಗಿರುವಾಗ, ಹಾರಿಸೋದು ಬಿಟ್ಟು ಮಾತು ಕೇಳಲು ಬಂದಿದ್ದೀರಿ. ತುಂಬಾ ಸಂತೋಷ. ಮೇಜಿನ ಮೇಲೆ ಒಂದು ಚಿಕ್ಕ ಡಬ್ಬಿ ಇದೆ. ಅದನ್ನು ಕೊನೆಯಲ್ಲಿ ತೆರೆಯುತ್ತೇನೆ.

ನಾನು ಹಾರಿಸಲು ಕಲಿತದ್ದು 72 ಮೆಗಾಹರ್ಟ್ಸ್ ರೇಡಿಯೋ ಕಾಲದಲ್ಲಿ. ಅಂದಿನಿಂದ ಇವತ್ತಿನವರೆಗೆ ಮೈದಾನದಲ್ಲಿ ನಾನು ಅತಿ ಜಾಸ್ತಿ ಕೇಳಿದ ಮಾತು ಒಂದೇ. "ಸಿಗ್ನಲ್ ಹೋಯ್ತು." ವಿಮಾನ ಬಿದ್ದಿರುತ್ತೆ. ಬಾಲ್ಸಾ ಮರ ಚೂರುಚೂರಾಗಿರುತ್ತೆ. ಹಾರಿಸುತ್ತಿದ್ದವರು ಟ್ರಾನ್ಸ್‌ಮಿಟರ್ ಹಿಡಿದು ಹಾಗೇ ನಿಂತಿರುತ್ತಾರೆ. ಯಾರೋ ಹೆಗಲ ಮೇಲೆ ಕೈಯಿಟ್ಟು "ಏನಾಯ್ತು?" ಅಂತಾರೆ. "ಸಿಗ್ನಲ್ ಹೋಯ್ತು." ಎಲ್ಲರೂ ತಲೆ ಆಡಿಸುತ್ತಾರೆ. ಚೂರುಗಳು ಗೋಣಿಚೀಲ ಸೇರುತ್ತವೆ. ಅಲ್ಲಿಗೆ ಮುಗಿಯಿತು.

ಆ ಮಾತಿನಿಂದ ಒಂದು ವಿಮಾನ ವಿನಾಕಾರಣ ಬಿದ್ದದ್ದನ್ನು ನಾನು ನೋಡಿದ್ದೇನೆ. ಆ ಮಾತು ಹೇಳಿದವನು ನಾನೇ. ಅದಕ್ಕೇ ಇವತ್ತು ಬಂದಿದ್ದೇನೆ.

2003ರ ಬೇಸಿಗೆ. ಕನಕಪುರ ರಸ್ತೆಯ ಆಚೆ ಒಂದು ಒಣಗಿದ ಕೆರೆ ಅಂಗಳದಲ್ಲಿ ನಾವು ಏಳೆಂಟು ಜನ ಹಾರಿಸುತ್ತಿದ್ದೆವು. ಮೇ ಕೊನೆಗೆ ಗಾಳಿ ಪಶ್ಚಿಮದಿಂದ ಬೀಸಲು ಶುರುವಾಗುತ್ತೆ. ವಿಮಾನ ಏರಿಸುವುದು ಗಾಳಿಗೆ ಎದುರಾಗಿ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ. ಅಂಗಳದ ಪಶ್ಚಿಮದ ಮೂಲೆಯಲ್ಲಿ ನೀಲಗಿರಿ ತೋಪು. ಅದರ ಹಿಂದೆ ಹೊಸದಾಗಿ ಎದ್ದ ಮೊಬೈಲ್ ಟವರ್.

ಒಂದೂವರೆ ತಿಂಗಳಲ್ಲಿ ಮೂರು ವಿಮಾನ ಅದೇ ಮೂಲೆಯಲ್ಲಿ ಬಿದ್ದವು. ಮೊದಲನೆಯದು ನನ್ನದು. ಎರಡನೆಯದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನದು. ಮೂರನೆಯದು ಸೆಕೆಂಡ್ ಪಿಯುಸಿ ಓದುತ್ತಿದ್ದ ಹುಡುಗನದು. ಮೂರು ವಿಮಾನ, ಒಂದೇ ಮೂಲೆ, ಕಣ್ಣೆದುರಿಗೇ ಟವರ್. ನೀವಾದರೂ ಅದನ್ನೇ ಹೇಳುತ್ತಿದ್ದಿರಿ, ಅಲ್ವಾ? "ಆ ಕಡೆ ಹೋಗಬೇಡಿ, ಟವರ್ ಹೊಡೆಯುತ್ತೆ" ಅಂತ ನಾವು ಹೊಸಬರಿಗೆಲ್ಲ ಹೇಳತೊಡಗಿದೆವು.

ಯಾರೂ ಕೇಳದ ಪ್ರಶ್ನೆ ಒಂದಿತ್ತು. ಮೊಬೈಲ್ ಟವರ್ ಆಗ ಕೆಲಸ ಮಾಡುತ್ತಿದ್ದದ್ದು 900 ಅಥವಾ 1800 ಮೆಗಾಹರ್ಟ್ಸ್ ಸುಮಾರಿಗೆ. ನಮ್ಮದು 72. ತೀರಾ ಹತ್ತಿರ ಹೋದರೆ ದೊಡ್ಡ ಟ್ರಾನ್ಸ್‌ಮಿಟರ್ ಸಿಗ್ನಲ್ ಹಿಡಿಯುವ ಯಾವ ರಿಸೀವರಿಗಾದರೂ ಕಾಟ ಕೊಡಬಹುದು, ನಿಜ. ಆದರೆ ಟವರ್ ತೋಪಿನ ಆಚೆ ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ನಾವು ಮೂರು ಸಲ ಬಿದ್ದದ್ದನ್ನು ಎಣಿಸಿದೆವು. ಅದೇ ಮೂಲೆಯಲ್ಲಿ ನೂರಾರು ಸಲ ಸುಮ್ನೆ ತಿರುಗಿ ಬಂದದ್ದನ್ನು ಎಣಿಸಲಿಲ್ಲ.

ನನ್ನ ವಿಮಾನದ ಕಥೆ ಮೊದಲು ಹೇಳುತ್ತೇನೆ. ಅದರಲ್ಲಿ ನಿಜವಾಗಿಯೂ ಸಿಗ್ನಲ್ ಹೋಗಿತ್ತು.

72 ಮೆಗಾಹರ್ಟ್ಸ್ ಅಲೆಯ ಉದ್ದ ನಾಲ್ಕು ಮೀಟರಿಗಿಂತ ಸ್ವಲ್ಪ ಜಾಸ್ತಿ. ಅದರ ಕಾಲುಭಾಗ, ಸುಮಾರು ಒಂದು ಮೀಟರ್ ಉದ್ದದ ತಂತಿ ರಿಸೀವರಿನಿಂದ ಹೊರಟು ವಿಮಾನದ ಬಾಲದವರೆಗೆ ಹೋಗುತ್ತಿತ್ತು. ಅದೇ ಆಂಟೆನಾ. ಟ್ರಾನ್ಸ್‌ಮಿಟರಿನಲ್ಲಿ ಉದ್ದಕ್ಕೆ ಎಳೆಯುವ ಲೋಹದ ಕಡ್ಡಿ. ಹೊಸಬರೆಲ್ಲ ಆ ಕಡ್ಡಿಯನ್ನು ವಿಮಾನದ ಕಡೆ ನೇರ ಗುರಿ ಇಟ್ಟು ಹಿಡಿಯುತ್ತಾರೆ. ಕೋಲು ತೋರಿಸಿ ದನ ಹೊಡೆದ ಹಾಗೆ. ದೂರ ಹೋದಷ್ಟೂ ಇನ್ನೂ ನೇರವಾಗಿ ತೋರಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ.

ಒಂದು ಉದ್ದಿನ ವಡೆ ನೆನೆಸಿಕೊಳ್ಳಿ. ಅದರ ತೂತಿನಲ್ಲಿ ಆಂಟೆನಾ ಕಡ್ಡಿ ನಿಂತಿದೆ. ವಡೆ ಎಲ್ಲಿದೆಯೋ ಅಲ್ಲಿ ಸಿಗ್ನಲ್. ತೂತಿನ ದಿಕ್ಕಿನಲ್ಲಿ, ಅಂದರೆ ಕಡ್ಡಿಯ ತುದಿಯ ನೇರಕ್ಕೆ, ಹೆಚ್ಚುಕಡಿಮೆ ಏನೂ ಇಲ್ಲ. ರಿಸೀವರಿನ ತಂತಿಗೂ ಇದೇ ಮಾತು. ಅದು ತನ್ನ ಪಕ್ಕದಿಂದ ಬರುವುದನ್ನು ಚೆನ್ನಾಗಿ ಕೇಳುತ್ತೆ, ತುದಿಯ ಕಡೆಯಿಂದ ಬರುವುದನ್ನು ಕೇಳುವುದೇ ಇಲ್ಲ ಅನ್ನುವಷ್ಟು ಕಡಿಮೆ.

ಈಗ ನನ್ನ ವಿಮಾನ ನೋಡಿ. ಪಶ್ಚಿಮಕ್ಕೆ ನನ್ನಿಂದ ನೇರ ದೂರ ಹೋಗುತ್ತಿದೆ. ಬಾಲ ನನ್ನ ಕಡೆ, ಅದರ ತಂತಿಯ ತುದಿಯೂ ನನ್ನ ಕಡೆ. ನಾನು ಕಡ್ಡಿಯನ್ನು ಅದರತ್ತ ನೇರ ಹಿಡಿದಿದ್ದೇನೆ. ಎರಡು ವಡೆಯ ತೂತು ಒಂದೇ ಗೆರೆಯಲ್ಲಿ ಬಂದವು. ಅದೂ ಎಲ್ಲಕ್ಕಿಂತ ದೂರದ ಜಾಗದಲ್ಲಿ, ತಿರುಗಿಸುವ ಮೊದಲಿನ ಕ್ಷಣದಲ್ಲಿ. ರೆಕ್ಕೆ ಒಂದೆರಡು ಸಲ ನಡುಗಿತು. ನಾನು ಹೆದರಿ ಕಡ್ಡಿಯನ್ನು ಇನ್ನೂ ಮುಂದಕ್ಕೆ ಚಾಚಿದೆ. ವಿಮಾನ ಉರುಳಿ ತೋಪಿಗೆ ಬಿತ್ತು.

ಇದನ್ನು ನಾನು ಆಮೇಲೆ ಊಹಿಸಿ ಹೇಳುತ್ತಿಲ್ಲ. ಮುಂದಿನ ವರ್ಷ ಅದೇ ರೇಡಿಯೋ, ಅದೇ ರಿಸೀವರ್ ಇಟ್ಟುಕೊಂಡು ನೋಡಿದೆವು. ಬೇರೆ ವಿಮಾನವನ್ನು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟೆವು. ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಪೂರ್ತಿ ಒಳಕ್ಕೆ ತಳ್ಳಿ, ಬಾಲದ ರಡ್ಡರ್ ಆಡಿಸುತ್ತಾ ನಾನು ಹಿಂದಕ್ಕೆ ನಡೆದೆ. ವಿಮಾನ ಅಡ್ಡ ಇದ್ದಾಗ ಎಷ್ಟೋ ದೂರದವರೆಗೆ ಸರ್ವೋ, ಅಂದರೆ ಅಂಥ ಭಾಗಗಳನ್ನು ಆಡಿಸುವ ಪುಟ್ಟ ಮೋಟರ್, ಸರಿಯಾಗಿ ಆಡಿತು. ಗೆಳೆಯ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿ ಬಾಲವನ್ನು ನನ್ನ ಕಡೆ ತಂದ. ನಾನು ಗುರಿ ಇಟ್ಟು ಹಿಡಿದೆ. ಅದೇ ದೂರದಲ್ಲಿ ನಾಲ್ಕೂ ಸರ್ವೋ ಚಳಿ ಹಿಡಿದ ಹಾಗೆ ನಡುಗಿದವು. ಕೈಯನ್ನು ಸ್ವಲ್ಪ ಪಕ್ಕಕ್ಕೆ ಓರೆ ಮಾಡಿದೆ. ನಿಂತವು. ಹತ್ತು ಸಲ ಮಾಡಿದೆವು, ಹತ್ತು ಸಲವೂ ಹಾಗೇ ಆಯಿತು. ಒಂದು ಕುರ್ಚಿ ಸಾಕಿತ್ತು, ನೋಡಿ. ಒಂದು ವರ್ಷ ನಾವು ಟವರ್ ಬೈದುಕೊಂಡು ಕೂತಿದ್ದೆವು.

ಗೆಳೆಯನ ವಿಮಾನದ ವಿಷಯ ಬೇರೆ. ಅವನು ಹೇಳಿದ್ದು, "ಎಡಕ್ಕೆ ಕೊಟ್ಟೆ, ಅದು ಬಲಕ್ಕೆ ಹೋಯ್ತು. ರೇಡಿಯೋ ಕೆಟ್ಟಿದೆ." ಹೊತ್ತು ಸಂಜೆ ಐದೂವರೆ. ಸೂರ್ಯ ಎಲ್ಲಿದ್ದ? ಪಶ್ಚಿಮದಲ್ಲಿ, ಅದೇ ಮೂಲೆಯ ಮೇಲೆ. ಬೆಳಕಿಗೆ ಎದುರಾಗಿ ನೋಡಿದರೆ ವಿಮಾನ ಬರೀ ಕಪ್ಪು ಆಕಾರ. ಹೊಟ್ಟೆ ಕಾಣ್ತಿದೆಯೋ ಬೆನ್ನು ಕಾಣ್ತಿದೆಯೋ ಗೊತ್ತಾಗಲ್ಲ. ದೂರ ಹೋಗ್ತಿದೆಯೋ ನಮ್ಮ ಕಡೆ ಬರ್ತಿದೆಯೋ ಅದೂ ಗೊತ್ತಾಗಲ್ಲ. ನಮ್ಮ ಕಡೆ ಬರುವ ವಿಮಾನಕ್ಕೆ ಎಡ ಅಂದರೆ ನಮ್ಮ ಕಣ್ಣಿಗೆ ಬಲ. ಅವನು ಕೊಟ್ಟ ಎಡವನ್ನು ಅದು ಚಾಚೂ ತಪ್ಪದೆ ಪಾಲಿಸಿತು. ಎಂಜಿನ್ ಸದ್ದು ಕೊನೆಯವರೆಗೂ ಅವನು ಕೇಳಿದ ಹಾಗೇ ಏರಿತು, ಇಳಿಯಿತು. ನಾವೆಲ್ಲ ಕೇಳಿಸಿಕೊಂಡಿದ್ದೆವು. ಥ್ರಾಟಲ್ ಮಾತು ಕೇಳುತ್ತಿದ್ದರೆ ಸಿಗ್ನಲ್ ಇದೆ ಅಂತಲೇ ಅರ್ಥ. ಕಿವಿಗೆ ಬಿದ್ದ ಸಾಕ್ಷಿಯನ್ನು ಒಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವನಿಗೆ ಇದನ್ನು ಹೇಳಿದಾಗ ಬೇಜಾರಾಯಿತು. ಆಗುವುದು ಸಹಜ. ತಿಂಗಳುಗಟ್ಟಲೆ ರಾತ್ರಿ ಕೂತು ಅಂಟಿಸಿದ ವಿಮಾನ ಅದು. ಆದರೆ ಅವನೇ ಒಂದು ವಾರ ಬಿಟ್ಟು ಬಂದು, ರೆಕ್ಕೆಯ ಕೆಳಗೆ ಅಗಲವಾದ ಕಪ್ಪು ಪಟ್ಟೆ ಬಳಿದ ಹೊಸ ವಿಮಾನ ತೋರಿಸಿದ. ಸಂಜೆ ನಾಲ್ಕೂವರೆ ಮೇಲೆ ಆ ಕಡೆ ಹಾರಿಸುವುದನ್ನೂ ಬಿಟ್ಟ.

ಮೂರನೆಯದು ಹುಡುಗನ ವಿಮಾನ. ಇದನ್ನು ಹೇಳುವುದು ನನಗೆ ಕಷ್ಟ.

ಅವನ ವಿಮಾನ ಮೂಲೆಗೆ ಹೋಯಿತು. ತಿರುಗಿಸಲು ರೆಕ್ಕೆಯಂಚಿನ ಐಲೆರಾನ್ ಕೊಟ್ಟ, ಬಾಲದ ಎಲಿವೇಟರ್ ಎಳೆದ. ವಿಮಾನ ಅರ್ಧ ತಿರುಗಿ, ಹಾಗೇ ಮೂಗು ತಗ್ಗಿಸಿ ನೆಲಕ್ಕೆ ಇಳಿಯಿತು. ಯಾವುದೂ ನಡುಗಲಿಲ್ಲ. ಸುಮ್ನೆ ಮಾತು ಕೇಳುವುದು ನಿಲ್ಲಿಸಿತು ಅಷ್ಟೆ. ಹುಡುಗ ಅಳುತ್ತಿದ್ದ. ನಾನು ಅವನನ್ನು ಹಿಡಿದುಕೊಂಡು ಹೇಳಿದೆ, "ನಿನ್ನ ತಪ್ಪಲ್ಲಪ್ಪ. ಟವರ್. ಸಿಗ್ನಲ್ ಹೋಯ್ತು." ಸಮಾಧಾನಕ್ಕೆ ಹೇಳಿದ್ದಲ್ಲ, ನಂಬಿ ಹೇಳಿದೆ. "ಬ್ಯಾಟರಿ, ರಿಸೀವರ್ ಎಲ್ಲಾ ಚೆನ್ನಾಗಿದೆ. ಇನ್ನೊಂದು ವಿಮಾನಕ್ಕೆ ಹಾಕ್ಕೋ." ದೊಡ್ಡವರು ಹೇಳಿದರು ಅಂತ ಅವನು ನಂಬಿದ. ಅಪ್ಪನನ್ನು ಕೇಳಿ ಇನ್ನೊಂದು ಕಿಟ್ ತರಿಸಿದ. ನಾಲ್ಕು ತಿಂಗಳು ಕಟ್ಟಿದ. ಬೇರೆ ಮೈದಾನಕ್ಕೆ ಹೋದ, ಸುತ್ತ ಎಲ್ಲೂ ಟವರ್ ಇಲ್ಲ. ಮೊದಲ ಹಾರಾಟದಲ್ಲೇ ಅದೇ ಥರ, ತಿರುಗಿಸುವಾಗ ಮೂಗು ತಗ್ಗಿಸಿ ಬಿತ್ತು.

ಆ ಸಂಜೆ ಅವನು ನನ್ನ ಮನೆಗೆ ಬಂದ. "ಅಂಕಲ್, ಅಲ್ಲಿ ಟವರ್ ಇರಲಿಲ್ಲ" ಅಂದ. ಬೇರೇನೂ ಹೇಳಲಿಲ್ಲ.

ನಾವಿಬ್ಬರೂ ಅವತ್ತು ರಾತ್ರಿ ಕೂತು ಒಂದೊಂದೇ ನೋಡಿದೆವು. ಬ್ಯಾಟರಿ ನಾಲ್ಕು ಸೆಲ್ಲಿನ ನಿಕಲ್ ಕ್ಯಾಡ್ಮಿಯಂ ಪ್ಯಾಕ್, 4.8 ವೋಲ್ಟ್. ಮೀಟರ್ ಇಟ್ಟರೆ 5 ವೋಲ್ಟ್ ಮೇಲೆ ತೋರಿಸಿತು. ಒಂದು ಸರ್ವೋ ಆಡಿಸಿದೆವು, ಚೆನ್ನಾಗಿದೆ. ಆಮೇಲೆ ಎಲ್ಲಾ ಸರ್ವೋ ಒಟ್ಟಿಗೆ ಆಡಿಸಿ, ಐಲೆರಾನ್ ಒಂದನ್ನು ಬೆರಳಿನಿಂದ ಒತ್ತಿ ಹಿಡಿದೆವು. ಗಾಳಿ ತಡೆಯುವ ಹಾಗೆ. ಮೀಟರಿನ ಅಂಕಿ ಧಡಕ್ಕನೆ ಕೆಳಗೆ ಬಿತ್ತು. ರಿಸೀವರ್ ಸತ್ತಂತೆ ನಿಂತಿತು. ಬೆರಳು ತೆಗೆದ ತಕ್ಷಣ ಮತ್ತೆ ಎಲ್ಲಾ ಸರಿ.

ಸೆಲ್ ಚೆನ್ನಾಗಿದ್ದವು. ತೊಂದರೆ ಇದ್ದದ್ದು ನೆಗೆಟಿವ್ ತಂತಿಯಲ್ಲಿ. ನಿಕಲ್ ಕ್ಯಾಡ್ಮಿಯಂ ಪ್ಯಾಕ್‌ಗಳಲ್ಲಿ ನೆಗೆಟಿವ್ ಕಡೆಯ ತಾಮ್ರ ಒಳಗೊಳಗೇ ಕಪ್ಪಾಗಿ ಸವೆಯುವುದುಂಟು. ಹಳೆಯ ಹವ್ಯಾಸಿಗಳು ಇದಕ್ಕೆ ‘ಬ್ಲ್ಯಾಕ್ ವೈರ್’ ಅಂತಲೇ ಹೆಸರಿಟ್ಟಿದ್ದಾರೆ. ಸ್ವಲ್ಪ ಕರೆಂಟ್ ಹರಿಯುವಾಗ ಏನೂ ಗೊತ್ತಾಗಲ್ಲ. ನಾಲ್ಕು ಸರ್ವೋ ಒಟ್ಟಿಗೆ ಬೇಡಿದಾಗ ಆ ತಂತಿಯೇ ತಡೆಗೋಡೆ ಆಗುತ್ತೆ. ಎಲ್ಲಾ ಸರ್ವೋ ಒಟ್ಟಿಗೆ ಬೇಡುವುದು ಯಾವಾಗ? ಜೋರಾಗಿ ಹೋಗುತ್ತಿರುವ ವಿಮಾನವನ್ನು ತಿರುಗಿಸುವಾಗ. ಎಲ್ಲಿ ತಿರುಗಿಸುತ್ತಿದ್ದೆವು? ಆ ಮೂಲೆಯಲ್ಲಿ.

ಮೂಲೆಯ ಗುಟ್ಟು ನನಗೆ ಅವತ್ತು ಬಿಚ್ಚಿಕೊಂಡಿತು. ಜಾಗ ಒಂದೇ ಆಗಿದ್ದು ಅಲ್ಲಿ ಏನೋ ಇದ್ದದ್ದಕ್ಕಲ್ಲ, ನಾವೆಲ್ಲ ಅಲ್ಲೇ ತಿರುಗಿಸುತ್ತಿದ್ದದ್ದಕ್ಕೆ. ಆಂಟೆನಾದ ಕುರುಡು ದಿಕ್ಕು ಅಲ್ಲಿ ಬರುತ್ತಿತ್ತು. ಸಂಜೆಯ ಸೂರ್ಯ ಅಲ್ಲಿರುತ್ತಿದ್ದ. ಬ್ಯಾಟರಿಗೆ ಭಾರ ಬೀಳುತ್ತಿದ್ದದ್ದೂ ಅಲ್ಲೇ.

ಹಾಗಂತ ರೇಡಿಯೋ ಅಡಚಣೆ ಅನ್ನುವುದು ಸುಳ್ಳು ಅಂತ ತಿಳಿಯಬೇಡಿ. ಅದು ಇದೆ. ಆದರೆ ಅದಕ್ಕೂ ಕಾರಣ, ಲೆಕ್ಕ ಇರುತ್ತೆ. ಆ ಕಾಲದ ಒಂದು ಒಗಟು ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು.

ಅಮೆರಿಕದಲ್ಲಿ ವಿಮಾನಗಳಿಗೆ 72 ಮೆಗಾಹರ್ಟ್ಸ್‌ನಲ್ಲಿ 50 ಚಾನಲ್ ಇದ್ದವು. 11ರಿಂದ 60ರವರೆಗೆ, ಒಂದಕ್ಕೊಂದು 20 ಕಿಲೋಹರ್ಟ್ಸ್ ಅಂತರ. ಒಂದು ಚಾನಲ್‌ನಲ್ಲಿ ಒಬ್ಬರೇ ಹಾರಿಸಬೇಕು. ಅದಕ್ಕೆ ಮೈದಾನದಲ್ಲಿ ಹಲಗೆ ಇಟ್ಟು, ಚಾನಲ್ ನಂಬರಿನ ಕ್ಲಿಪ್ ತೆಗೆದುಕೊಂಡವರು ಮಾತ್ರ ಟ್ರಾನ್ಸ್‌ಮಿಟರ್ ಆನ್ ಮಾಡುವ ನಿಯಮ. ನಿಯಮ ಪಾಲಿಸಿದರೂ ಕೆಲವು ಸಲ ವಿಮಾನ ತಡವರಿಸುತ್ತಿತ್ತು. ತನ್ನ ಚಾನಲ್‌ನಲ್ಲಿ ಬೇರೆ ಯಾರೂ ಇಲ್ಲ. ಪಕ್ಕದ ಚಾನಲ್‌ನಲ್ಲೂ ಇಲ್ಲ. ಮತ್ತೆ ಯಾಕೆ?

ಸಾದಾ ರಿಸೀವರ್ ತನಗೆ ಬಂದ 72 ಮೆಗಾಹರ್ಟ್ಸ್ ಅಲೆಯನ್ನು ಒಳಗೆ 455 ಕಿಲೋಹರ್ಟ್ಸ್‌ಗೆ ಇಳಿಸಿಕೊಂಡು ಕೇಳುತ್ತೆ. ಈಗ ಒಬ್ಬರು ಚಾನಲ್ 20, ಇನ್ನೊಬ್ಬರು ಚಾನಲ್ 43 ಅಂದುಕೊಳ್ಳಿ. ಅಂತರ 23 ಚಾನಲ್. 23 ಗುಣಿಸು 20, ಎಷ್ಟು? 460 ಕಿಲೋಹರ್ಟ್ಸ್. 455ರ ಪಕ್ಕದ ಮನೆ! ಇಬ್ಬರ ಅಲೆಯೂ ಜೋರಾಗಿದ್ದರೆ ರಿಸೀವರಿನ ಒಳಗೆ ಅವು ಬೆರೆತು, ಆ ವ್ಯತ್ಯಾಸ ಹುಟ್ಟುತ್ತೆ. ಆಗ ಮೈದಾನದಲ್ಲಿರುವ ಯಾವ ಚಾನಲ್‌ನ ಸಾದಾ ರಿಸೀವರ್ ಆದರೂ ಗೊಂದಲಕ್ಕೆ ಬೀಳಬಹುದು. ಮೊದಲು 10.7 ಮೆಗಾಹರ್ಟ್ಸ್‌ಗೆ, ಆಮೇಲೆ 455ಕ್ಕೆ, ಹೀಗೆ ಎರಡು ಹಂತದಲ್ಲಿ ಇಳಿಸುವ ರಿಸೀವರ್ ಹಾಕಿದರೆ ಈ ತೊಂದರೆ ತಪ್ಪುತ್ತೆ. "ಕಾರಣವೇ ಇಲ್ಲದೆ ಬಿತ್ತು" ಅಂದುಕೊಂಡಿದ್ದಕ್ಕೆ ಮಗ್ಗಿಯಲ್ಲಿ ಉತ್ತರ ಇತ್ತು.

ಇನ್ನೊಂದು ಇದೆ. ಹಾರಿಸುವವರೆಲ್ಲ ಒಂದೇ ಕಡೆ ಗುಂಪಾಗಿ ನಿಲ್ಲಬೇಕು ಅಂತ ನಿಯಮ ಇದೆಯಲ್ಲ, ಅದು ಬರೀ ಶಿಸ್ತಿಗೆ ಅಲ್ಲ. ಚಾನಲ್ 20 ಮತ್ತು 22 ಬೆರೆತರೆ 18ರಲ್ಲೂ 24ರಲ್ಲೂ ಸುಳ್ಳು ಸಿಗ್ನಲ್ ಹುಟ್ಟಬಹುದು. 24ರವರು ದೂರ ಒಬ್ಬರೇ ನಿಂತು, ಅವರ ವಿಮಾನ ಉಳಿದಿಬ್ಬರ ತಲೆ ಮೇಲೆ ಹಾದರೆ, ಆ ರಿಸೀವರಿಗೆ ತನ್ನ ಯಜಮಾನನ ದನಿಗಿಂತ ಈ ಗದ್ದಲವೇ ಜೋರಾಗಿ ಕೇಳುತ್ತೆ. ಎಲ್ಲರೂ ಒಂದೇ ಕಡೆ ನಿಂತರೆ ಎಲ್ಲರ ದನಿಯೂ ಸಮ.

ವಿಮಾನವೇ ಗದ್ದಲ ಮಾಡುವುದೂ ಉಂಟು. ಲೋಹದ ಕಡ್ಡಿ ಲೋಹದ ಕೊಂಡಿಗೆ ಉಜ್ಜುತ್ತಿದ್ದರೆ ಅಲ್ಲೇ ರೇಡಿಯೋ ಸದ್ದು ಹುಟ್ಟುತ್ತೆ. ಬ್ರಷ್ ಮೋಟರಿಗೆ ಕೆಪಾಸಿಟರ್ ಹಾಕದಿದ್ದರೂ ಹಾಗೇ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಅಂತೂ ಪುಟ್ಟ ಟ್ರಾನ್ಸ್‌ಮಿಟರ್ ಇದ್ದ ಹಾಗೆ.

"ಸಾರ್, ಇದೆಲ್ಲ ಹಳೇ ಕಾಲದ್ದು. ಈಗ ಎಲ್ಲಾ 2.4 ಗಿಗಾಹರ್ಟ್ಸ್" ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸುತ್ತಿರಬಹುದು. ಸರಿ, ಈಗ ಅಲ್ಲಿಗೇ ಬರುತ್ತೇನೆ.

ನಮ್ಮ ದೇಶದಲ್ಲಿ ಈ ಬ್ಯಾಂಡನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟದ್ದು 2005ರಲ್ಲಿ. ಮಾದರಿ ವಿಮಾನಗಳಿಗೆ ಇಂಥ ರೇಡಿಯೋ ಬರತೊಡಗಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇಂದಿನ ಬಹಳಷ್ಟು ರೇಡಿಯೋಗಳು ಒಂದೇ ಕಡೆ ನಿಲ್ಲದೆ ಚಾನಲ್‌ನಿಂದ ಚಾನಲ್‌ಗೆ ಜಿಗಿಯುತ್ತವೆ. ಈ ಜಿಗಿತದ ಯೋಚನೆಗೆ 1942ರಲ್ಲೇ ಒಂದು ಪೇಟೆಂಟ್ ಸಿಕ್ಕಿತ್ತು. ಪಡೆದವರು ನಟಿ ಹೆಡಿ ಲಾಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ನೀರಿನಡಿ ಹೋಗುವ ಟಾರ್ಪೆಡೋವನ್ನು ಶತ್ರುಗಳು ಅಡ್ಡಿಪಡಿಸದ ಹಾಗೆ ರೇಡಿಯೋದಿಂದ ನಡೆಸುವುದು ಅವರ ಉದ್ದೇಶ. ಪಿಯಾನೋದ ಕೀಲಿಗಳಷ್ಟೇ, 88 ಫ್ರೀಕ್ವೆನ್ಸಿ ಯೋಚಿಸಿದ್ದರು. ಅಂದರೆ ದೂರದಿಂದ ನಡೆಸುವ ವಾಹನಕ್ಕೆ ಅಡಚಣೆ ಆಗಬಾರದು ಅನ್ನುವ ನಮ್ಮದೇ ಚಿಂತೆ ಅವರದ್ದೂ.

ಪಕ್ಕದವರು ಆನ್ ಮಾಡಿದರೆ ನಮ್ಮ ವಿಮಾನ ಬೀಳುವ ಕಾಲ ಹೋಯಿತು. ಆದರೆ ವಿಮಾನ ಬೀಳುವುದು ನಿಂತಿಲ್ಲ. ಅದರ ಜೊತೆ ಆ ಮಾತೂ ನಿಂತಿಲ್ಲ.

ಈಗಿನ ರಿಸೀವರ್ ಒಂದು ಪುಟ್ಟ ಕಂಪ್ಯೂಟರ್. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಅದು ಆಫ್ ಆಗಿ ಮತ್ತೆ ಶುರುವಾಗಬೇಕು. ಶುರುವಿನ ದಿನಗಳ ಕೆಲವು ರಿಸೀವರ್ ಅದಕ್ಕೆ ಕೆಲವು ಸೆಕೆಂಡೇ ತೆಗೆದುಕೊಳ್ಳುತ್ತಿದ್ದವು. 50 ಮೀಟರ್ ಎತ್ತರದಿಂದ ಒಂದು ಕಲ್ಲು ಬಿಟ್ಟರೆ ನೆಲ ಮುಟ್ಟಲು ಸುಮಾರು ಮೂರು ಸೆಕೆಂಡ್ ಸಾಕು. ಲೆಕ್ಕ ನೀವೇ ಹಾಕಿ.

ನೀವೆಲ್ಲ ಮಾಡುವ ಸಾಮಾನ್ಯ ತಪ್ಪು ಇಲ್ಲಿದೆ. ಮೋಟರ್ ಬ್ಯಾಟರಿಯಿಂದಲೇ, ವೋಲ್ಟೇಜ್ ಇಳಿಸುವ ಬಿಇಸಿ ಸರ್ಕ್ಯೂಟ್ ಮೂಲಕ ರಿಸೀವರಿಗೆ ಕರೆಂಟ್ ಕೊಡ್ತೀರಿ. ಮೋಟರ್ ವೇಗ ನಡೆಸುವ ಅಗ್ಗದ ಇಎಸ್‌ಸಿಗಳಲ್ಲಿ ಲೀನಿಯರ್ ಬಿಇಸಿ ಇರುತ್ತೆ. 11.1 ವೋಲ್ಟ್ ಬ್ಯಾಟರಿಯನ್ನು 5ಕ್ಕೆ ಇಳಿಸುವಾಗ ಮಿಕ್ಕ 6.1 ವೋಲ್ಟ್ ಬಿಸಿಯಾಗಿ ಹೋಗಬೇಕು. ಸರ್ವೋಗಳು 2 ಆಂಪಿಯರ್ ಎಳೆದರೆ ಅದು 12 ವ್ಯಾಟ್ ಶಾಖ. ಬೆರಳಿನಷ್ಟು ದೊಡ್ಡ ವಸ್ತುವಿಗೆ, ಅದೂ ಗಾಳಿಯಾಡದ ಮೂತಿಯೊಳಗೆ. ಬಿಸಿ ಮಿತಿಮೀರಿದಾಗ ಅದು ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತೆ. ಬಿದ್ದ ಮೇಲೆ ತಣ್ಣಗಾಗುತ್ತೆ. ನೀವು ಹೋಗಿ ಸ್ಟಿಕ್ ಆಡಿಸಿದರೆ ಎಲ್ಲಾ ಸರ್ವೋ ಆಡುತ್ತವೆ. "ಎಲ್ಲಾ ಸರಿ ಇದೆ, ಸಿಗ್ನಲ್ಲೇ ಹೋಗಿದ್ದು" ಅಂತೀರಿ. ಹುಡುಗನ ಬ್ಯಾಟರಿಯ ಕಥೆಯೇ ಇದು, ವೇಷ ಮಾತ್ರ ಬೇರೆ.

ಆಂಟೆನಾದ ಕುರುಡು ದಿಕ್ಕೂ ಹಾಗೇ ಉಳಿದಿದೆ. ಈಗ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಆಂಟೆನಾದ ಕೆಲಸ ಮಾಡುವ ತುದಿ ಬರೀ 31 ಮಿಲಿಮೀಟರ್. ಚಿಕ್ಕದು ಅಂತ ಅದನ್ನು ಮಡಿಸಿ, ಬ್ಯಾಟರಿ ಅಡಿಗೆ ತುರುಕಿ, ಮೇಲೆ ಕಾರ್ಬನ್ ಫೈಬರ್ ಮುಚ್ಚುತ್ತೀರಿ. ಕಾರ್ಬನ್ ಈ ಅಲೆಯನ್ನು ತಡೆಯುತ್ತೆ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬವಾಗಿ, ಕಾರ್ಬನ್ನಿನಿಂದ ಹೊರಗೆ ಇಡಿ. ಒಂದರ ತೂತಿನ ದಿಕ್ಕಿನಲ್ಲಿ ಇನ್ನೊಂದರ ವಡೆ ಇರಲಿ. ನಮ್ಮ ಮೈಯಲ್ಲಿರುವ ನೀರೂ ಈ ಅಲೆಯನ್ನು ಹೀರುತ್ತೆ. ಹಾಗಾಗಿ ವಿಮಾನಕ್ಕೂ ಟ್ರಾನ್ಸ್‌ಮಿಟರಿಗೂ ಮಧ್ಯೆ ಜನ ಗುಂಪು ಕಟ್ಟಲು ಬಿಡಬೇಡಿ.

ಬಿದ್ದ ಮೇಲೆ ಏನು ಮಾಡಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಬಾಯಿ ಬಿಡಬೇಡಿ. ನಿಜವಾಗಿ ಹೇಳುತ್ತಿದ್ದೇನೆ. ಒಂದು ಕಾರಣ ಬಾಯಿಂದ ಹೊರಬಿತ್ತು ಅಂದರೆ ನೆನಪೂ ಅದಕ್ಕೆ ತಕ್ಕಂತೆ ಬದಲಾಗುತ್ತೆ. ನೋಡಿದವರು ಒಬ್ಬೊಬ್ಬರೂ ಬೇರೆಬೇರೆಯಾಗಿ ಎರಡು ಸಾಲು ಬರೆಯಲಿ. ನಡುಗಿತಾ? ಮೋಟರ್ ಸದ್ದು ಬದಲಾಯಿತಾ? ಒಂದು ರೆಕ್ಕೆ ಕುಸಿದು ಉರುಳಿತಾ? ಉರುಳಿದ್ದರೆ ವೇಗ ಕಡಿಮೆಯಾಗಿ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಬಿದ್ದಿರಬಹುದು, ರೇಡಿಯೋಗೆ ಸಂಬಂಧವೇ ಇಲ್ಲದಿರಬಹುದು. ಥ್ರಾಟಲ್ ಪೂರ್ತಿ ಇಳಿಸಿ, ಟ್ರಾನ್ಸ್‌ಮಿಟರ್ ಆನ್ ಇಟ್ಟುಕೊಂಡೇ ಹೋಗಿ. ಹೊಗೆ ಇದ್ದರೆ ದೂರ ನಿಲ್ಲಿ. ಇಲ್ಲದಿದ್ದರೆ ಪ್ರೊಪೆಲರಿನಿಂದ ಕೈ ದೂರ ಇಟ್ಟು, ಏನನ್ನೂ ಎತ್ತುವ ಮೊದಲು ಫೋಟೋ ತೆಗೆಯಿರಿ. ಯಾವ ಪ್ಲಗ್ ಕಳಚಿದೆ, ಯಾವುದು ಇನ್ನೂ ಕೂತಿದೆ, ಬಿಇಸಿ ಬಿಸಿ ಇದೆಯಾ. ಸರ್ವೋ ಆಡುತ್ತಾ ನೋಡಿ. ಆಮೇಲೆ ಬ್ಯಾಟರಿ ಕಳಚಿ. ನಿಮ್ಮ ರೇಡಿಯೋದಲ್ಲಿ ಟೆಲಿಮೆಟ್ರಿ ಲಾಗ್, ಅಂದರೆ ವಿಮಾನ ಕಳಿಸಿದ ಅಂಕಿಗಳ ದಾಖಲೆ ಇದೆ. ನಮಗೆ ಆ ಭಾಗ್ಯ ಇರಲಿಲ್ಲ. ಸಿಗ್ನಲ್ ಮೊದಲು ಬಿತ್ತೋ, ವೋಲ್ಟೇಜ್ ಮೊದಲು ಬಿತ್ತೋ ಅದರಲ್ಲಿ ಕಾಣುತ್ತೆ. ದಯವಿಟ್ಟು ತೆರೆದು ನೋಡಿ.

ಹಾರಿಸುವ ಮೊದಲಿನ ಕೆಲಸವೂ ಇದೆ. ಸಿಗ್ನಲ್ ಬಲ ತಗ್ಗಿಸುವ ರೇಂಜ್ ಚೆಕ್ ಬಟನ್ ಒತ್ತಿ ಮೂವತ್ತು ಹೆಜ್ಜೆ ನಡೆಯುವುದು. ವಿಮಾನವನ್ನು ಎಲ್ಲಾ ದಿಕ್ಕಿಗೂ ತಿರುಗಿಸಿ ನೋಡುವುದು. ಮೋಟರ್ ಓಡುತ್ತಿರುವಾಗಲೂ ನೋಡುವುದು. ಸಿಗ್ನಲ್ ತಪ್ಪಿದಾಗ ಮೋಟರ್ ನಿಲ್ಲಿಸುವ ಫೇಲ್‌ಸೇಫ್ ಹೊಂದಿಸಿದ್ದೇನೆ ಅಂದರೆ ಸಾಲದು. ಒಬ್ಬರು ವಿಮಾನ ಗಟ್ಟಿಯಾಗಿ ಹಿಡಿದಿರಲಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಅವತ್ತು ಹಾರಿಸಬೇಡಿ. ಎರಡು ಕೆಜಿ ವಿಮಾನ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 400 ಜೂಲ್. ತಲೆಯೆತ್ತರದಿಂದ 25 ಕೆಜಿ ಅಕ್ಕಿ ಮೂಟೆ ಬಿದ್ದಷ್ಟು. ಅದರ ಮುಂದೆ ತಿರುಗುವ ಬ್ಲೇಡ್ ಬೇರೆ. ಮೈದಾನದಲ್ಲಿ ಮಕ್ಕಳು ಇರುತ್ತಾರೆ.

ಸರಿ, ಡಬ್ಬಿ. ಇದರಲ್ಲಿರುವುದು ಆ ಹುಡುಗನ ಬ್ಯಾಟರಿಯ ನೆಗೆಟಿವ್ ತಂತಿ. ಅವತ್ತು ರಾತ್ರಿ ಅದನ್ನು ಕತ್ತರಿಸಿ ತೆಗೆದ ಮೇಲೆ ಅವನೇ ನನ್ನ ಕೈಗೆ ಕೊಟ್ಟ. ಅರ್ಧಕ್ಕೆ ಪ್ಲಾಸ್ಟಿಕ್ ಸುಲಿದಿದೆ, ಅರ್ಧ ಹಾಗೇ ಬಿಟ್ಟಿದ್ದೇನೆ. ಸುಲಿಯದ ಕಡೆ ನೋಡಿದರೆ ಹೊಸ ತಂತಿಯ ಹಾಗೇ ಕಾಣುತ್ತೆ. ಮೊದಲ ಸಾಲಿನಿಂದ ಹಿಂದಕ್ಕೆ ದಾಟಿಸಿ. ಮೆಲ್ಲಗೆ ಹಿಡಿಯಿರಿ, ತಾಮ್ರ ಪುಡಿಯಾಗುತ್ತೆ.